ಮನೆಪಾಠ ಮೀಮಾಂಸೆ: ಒಂದು ಬಹುಶಿಸ್ತೀಯ ಮರುಚಿಂತನೆಯ ಕಡೆಗೆ

ಯಾವುದೇ ಸಂಶೋಧನೆ ನಿರುಕ್ತದಿಂದಲೇ ಆರಂಭವಾಗತಕ್ಕದ್ದು ಎಂಬುದು ವಿದ್ವತ್ ವಲಯದ ಕಟ್ಟಳೆ. ‘ಟ್ಯೂಷನ್’ ಪದದ ಲ್ಯಾಟಿನ್ ಮೂಲಕ್ಕೆ ಪಾಠವೆಂಬ ಅರ್ಥವಿಲ್ಲ, ಕಾವಲು ಎಂದರ್ಥ. ನಮ್ಮ ಕಡೆ ಐಗಳಿಗೆ ಕಾಳು, ಕಾಸು ಕೊಟ್ಟು ಅಕ್ಷರ ಕಲಿಯುತ್ತಿದ್ದ ಜಾಗಕ್ಕೆ ಕೂಲಿಮಠ ಎಂಬ ಹೆಸರಿತ್ತು. ಕಾವಲು ಮತ್ತು ಕೂಲಿ, ಈ ಎರಡರ ಸಂಧಿಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ವಿದ್ಯಾರ್ಥಿಯ ಸಂಜೆ ಐದರಿಂದ ರಾತ್ರಿ ಒಂಬತ್ತರವರೆಗಿನ ಅಸ್ತಿತ್ವ ನೆಲೆಗೊಂಡಿದೆ. ಪಶ್ಚಿಮದ ವಿದ್ವಾಂಸರು ಇದನ್ನು ‘ನೆರಳು ಶಿಕ್ಷಣ’ ಎಂದರು. ಮಾರ್ಕ್ ಬ್ರೇ 1999ರಲ್ಲಿ ಯುನೆಸ್ಕೋಗಾಗಿ ಬರೆದ ಪುಸ್ತಕದ ಹೆಸರಿನಲ್ಲೇ ಆ ನೆರಳಿದೆ. ಶಾಲೆ ದೇಹ, ಟ್ಯೂಷನ್ ಅದರ ನೆರಳು, ದೇಹ ಹೋದಲ್ಲಿ ನೆರಳು. ಪ್ರಸ್ತುತ ಪ್ರಬಂಧದ ಊಹಾಪ್ರಮೇಯ ಇದಕ್ಕೆ ತದ್ವಿರುದ್ಧ: ನಮ್ಮಲ್ಲಿ ನೆರಳು ಎದ್ದು ಓಡಾಡುತ್ತಿದೆ, ದೇಹ ನೆಲಕ್ಕಂಟಿಕೊಂಡು ಹಾಜರಿ ಕೂಗುತ್ತಿದೆ.

ಸೈದ್ಧಾಂತಿಕ ಚೌಕಟ್ಟು ಕಟ್ಟದೆ ಮುಂದೆ ಹೋಗುವಂತಿಲ್ಲವಾದ್ದರಿಂದ ಟ್ಯೂಷನ್ನನ್ನು ಐದು ಪ್ರಭೇದಗಳಾಗಿ ವಿಂಗಡಿಸಿಕೊಳ್ಳೋಣ. ಮೊದಲನೆಯದು ಜಗಲಿನಿಷ್ಠ ಪ್ರಭೇದ, ಅಂದರೆ ನಿವೃತ್ತ ಗಣಿತ ಮೇಷ್ಟರ ಮನೆ. ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ಎಣಿಕೆಯಿಂದ ಇದರ ಗುಣಮಟ್ಟ ಅಳೆಯುವ ಜನಪದ ವಿಧಾನಕ್ಕೆ ‘ಪಾದರಕ್ಷಾ ಸೂಚ್ಯಂಕ’ ಎನ್ನಬಹುದು: ಮೂವತ್ತು ಜೋಡಿ ದಾಟಿದರೆ ಮೇಷ್ಟ್ರು ಒಳ್ಳೆಯವರು, ಅರವತ್ತು ದಾಟಿದರೆ ಸೀಟಿಲ್ಲ. ಎರಡನೆಯದು ಅಂತರ್ಗತ ಪ್ರಭೇದ, ಲೋಕರೂಢಿಯಲ್ಲಿ ‘ಇಂಟಿಗ್ರೇಟೆಡ್’. ಇಲ್ಲಿ ಪಿಯು ಕಾಲೇಜೇ ತನ್ನ ಪಾಠ ಸಾಲದೆಂದು ದಾಖಲಾತಿಯ ದಿನವೇ ಒಪ್ಪಿಕೊಂಡು, ಸಾಲದ ಭಾಗವನ್ನು ನೀಟ್, ಜೆಇಇ, ಸಿಇಟಿ ಹೆಸರಿನಲ್ಲಿ ಅದೇ ಕಟ್ಟಡದಲ್ಲಿ ಮಾರುತ್ತದೆ. ಹೋಟೆಲಿನವನು ಇಡ್ಲಿ ತಂದಿಟ್ಟು, ಬೆಂದದ್ದು ಬೇಕಾದರೆ ಬಿಲ್ಲು ಬೇರೆ ಎಂದಂತೆ. ಮೂರನೆಯದು ಫ್ಲೆಕ್ಸ್ ಪ್ರಭೇದ. ಫಲಿತಾಂಶದ ಮರುದಿನ ಯಾವುದಾದರೂ ಸರ್ಕಲ್ಲಿನಲ್ಲಿ ನಿಂತು ನೋಡಿ: ಎರಡು ಜಡೆ, ಕೊರಳಲ್ಲಿ ಟೈ, ಅದೇ ಹುಡುಗಿ ಮೂರು ಫ್ಲೆಕ್ಸ್‌ಗಳಿಂದ ಅದೇ ನಗು ನಗುತ್ತಿರುತ್ತಾಳೆ. ಒಬ್ಬರ ಬಳಿ ಎರಡು ವರ್ಷ ಓದಿದ್ದಾಳೆ, ಇನ್ನೊಬ್ಬರ ಬಳಿ ಕ್ರ್ಯಾಶ್ ಕೋರ್ಸ್, ಮತ್ತೊಬ್ಬರ ಬಳಿ ಬರೀ ಮಾಕ್ ಟೆಸ್ಟ್. ಏಕವು ಅನೇಕವಾಗಿ ತೋರುವ ಈ ವಿದ್ಯಮಾನವನ್ನು ಶಂಕರರು ಒಪ್ಪಿಯಾರು, ಮಧ್ವರು ರಸೀದಿ ಕೇಳಿಯಾರು. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕೇಳಿದ್ದೂ ಅದನ್ನೇ: ಫೋಟೊ ಹಾಕುವುದಾದರೆ ಅವಳು ಸೇರಿದ್ದು ಯಾವ ಕೋರ್ಸಿಗೆ, ಎಷ್ಟು ಅವಧಿಗೆ ಎಂದೂ ಬರೆಯಿರಿ. ನಾಲ್ಕನೆಯ ಮತ್ತು ಐದನೆಯ ಪ್ರಭೇದಗಳೂ ಮುಂಗಡ ಫೀಸನ್ನೇ ಕೇಳುವುದರಿಂದ ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

ಇನ್ನು ಮುಖ್ಯ ಪ್ರಮೇಯ. ಟ್ಯೂಷನ್ ಮಾರುವ ಸರಕು ಜ್ಞಾನವಲ್ಲ. ಪಕ್ಕದ ಮನೆಯ ಮಗುವಿಗಿಂತ ಒಂದು ಹೆಜ್ಜೆ ಮುಂದಿನ ಜಾಗ. 1994ರಲ್ಲಿ ಕರ್ನಾಟಕಕ್ಕೆ ಸಿಇಟಿ ಬಂದಾಗ ಕ್ಯಾಪಿಟೇಷನ್ ಕೊಡಲಾಗದವರ ಮಕ್ಕಳಿಗೂ ಸೀಟಿನ ದಾರಿ ತೆರೆಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ರ‍್ಯಾಂಕ್ ಎಂಬುದು ಅರಿವಿನ ಅಳತೆಯಲ್ಲ, ಸರದಿ. ಜಾತ್ರೆಯಲ್ಲಿ ಮುಂದಿನವನು ಮಗುವನ್ನು ಹೆಗಲಿಗೇರಿಸಿಕೊಂಡರೆ ಹಿಂದಿನವನೂ ಏರಿಸಿಕೊಳ್ಳಲೇಬೇಕು. ಕಡೆಗೆ ಎಲ್ಲ ಮಕ್ಕಳೂ ಹೆಗಲ ಮೇಲೆ, ತೇರು ಕಾಣುವುದು ಮಾತ್ರ ಮೊದಲಿನಷ್ಟೇ. ವ್ಯತ್ಯಾಸವೆಂದರೆ ಈಗ ಹೆಗಲಿಗೆ ಬಾಡಿಗೆ, ಬಾಡಿಗೆಯ ಮೇಲೆ ಶೇಕಡಾ 18 ಜಿಎಸ್‌ಟಿ. 2025ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಶಾಲಾ ಮಕ್ಕಳಲ್ಲಿ ಶೇಕಡಾ 27ರಷ್ಟು ಇಂಥ ಹೆಗಲೇರಿದ್ದಾರೆ. ಅದೇ ವರ್ಷದ ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ. ನಿಮಿಷಕ್ಕೊಂದು ಉತ್ತರ ಉದುರಬೇಕಾದಲ್ಲಿ ‘ಯಾಕೆ ಹೀಗೆ?’ ಎಂದು ಯೋಚಿಸುತ್ತ ಕೂತವನು ಸೋಲುತ್ತಾನೆ. ಯೋಚಿಸುವುದನ್ನು ಕಲಿಸಬೇಕಾದ ಶಾಲೆ ಈ ಆಟದಲ್ಲಿ ಸೋತದ್ದು ಆಶ್ಚರ್ಯವಲ್ಲ.

ಪೂರ್ವಪಕ್ಷಿಗಳು ಹೇಳುವುದುಂಟು: ತರಗತಿಯಲ್ಲಿ ಹಿಂದುಳಿದವರಿಗೆ ಟ್ಯೂಷನ್ ಊರುಗೋಲಲ್ಲವೇ? ಜಗಲಿಯ ಮೇಷ್ಟರ ಮಟ್ಟಿಗೆ ಈ ಮಾತು ನಿಜ; ಅಲ್ಲಿ ಲೆಕ್ಕಕ್ಕೆ ಹೆದರುವ ಹುಡುಗ ಲೆಕ್ಕ ಕಲಿತು ಹೊರಬರುತ್ತಾನೆ. ದೊಡ್ಡ ಅಂಗಡಿಗಳ ವ್ಯಾಕರಣ ಬೇರೆ. ಅಲ್ಲಿ ಜಾಣನಿಗೆ ‘ಸ್ಕಾಲರ್‌ಶಿಪ್ ಟೆಸ್ಟ್’ ನಡೆಸಿ ರಿಯಾಯಿತಿ, ದಡ್ಡನಿಗೆ ಪೂರ್ತಿ ಫೀಸು: ಗಟ್ಟಿಮುಟ್ಟಾದವನನ್ನು ಪುಕ್ಕಟೆ ಮಲಗಿಸಿಕೊಂಡು ರೋಗಿಗೆ ಬಿಲ್ಲು ಬರೆಯುವ ಆಸ್ಪತ್ರೆ. ಹಾಗಾದರೆ ನಿಷೇಧಿಸಿ ಎಂಬುದು ಎರಡನೆಯ ವಾದ. ದಕ್ಷಿಣ ಕೊರಿಯಾ 1980ರಲ್ಲಿ ನಿಷೇಧಿಸಿತ್ತು. ಪಾಠ ಕದ್ದುಮುಚ್ಚಿ ನಡೆಯಿತು, 2000ದಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ನಿಷೇಧವನ್ನೇ ರದ್ದು ಮಾಡಿತು. ನಮ್ಮ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಿಕ್ಷಕರು ಖಾಸಗಿ ಪಾಠ ಹೇಳಕೂಡದು ಎನ್ನುತ್ತದೆ. 2024ರ ಜನವರಿಯ ಕೇಂದ್ರ ಮಾರ್ಗಸೂಚಿ ಹದಿನಾರು ತುಂಬದವರನ್ನು ಕೋಚಿಂಗ್‌ಗೆ ಸೇರಿಸಬೇಡಿ ಎನ್ನುತ್ತದೆ. ಆರನೇ ತರಗತಿಯ ‘ಐಐಟಿ ಫೌಂಡೇಷನ್’ ಕರಪತ್ರ ಬೆಳಿಗ್ಗೆ ಪೇಪರಿನೊಳಗಿಂದ ಜಾರಿ ಬೀಳುತ್ತದೆ. 2023ರಲ್ಲಿ ರಾಜಸ್ಥಾನದ ಕೋಟಾದಲ್ಲಿ ಜಿಲ್ಲಾಡಳಿತ ಹಾಸ್ಟೆಲ್ ಕೋಣೆಗಳ ಫ್ಯಾನುಗಳಿಗೆ ಸ್ಪ್ರಿಂಗ್ ಅಳವಡಿಸಲು ಆದೇಶಿಸಿತು, ಭಾರ ಬಿದ್ದರೆ ಕೆಳಗಿಳಿಯಲಿ ಎಂದು. ಕಾವಲು ಎಂಬ ಮೂಲಾರ್ಥ ಅಲ್ಲಿಗೆ ಬಂದು ಮುಟ್ಟಿದೆ. ಈ ಸಾಲಿಗೆ ಪರಿಭಾಷೆ ಸಿಗುತ್ತಿಲ್ಲ; ಹದಿನೇಳು ವರ್ಷದ ಮಕ್ಕಳ ಮಾತಿದು.

ಹಾಗಾಗಿ ತಪ್ಪನ್ನೆಲ್ಲ ನೆರಳಿನ ತಲೆಗೆ ಕಟ್ಟುವುದು ಸುಲಭ, ನ್ಯಾಯವಲ್ಲ. ದೇಹಕ್ಕೇನಾಯಿತು ಎಂದು ಕೇಳಬೇಕು. ಖಾಲಿ ಹುದ್ದೆಗಳ ಜಾಗದಲ್ಲಿ ಇಲಾಖೆ ಇಟ್ಟುಕೊಂಡಿರುವುದು ‘ಅತಿಥಿ ಉಪನ್ಯಾಸಕ’ರನ್ನು. ಅತಿಥಿ ಎಂದರೆ ಬರುವ ತಿಥಿ ಗೊತ್ತಿಲ್ಲದವನು ಎಂಬುದು ಹಳೆಯ ನಿರುಕ್ತ. ಅವರ ನೇಮಕಕ್ಕೂ ತಿಥಿಯಿಲ್ಲ, ಸಂಬಳಕ್ಕೂ ತಿಥಿಯಿಲ್ಲವಾದ್ದರಿಂದ ಇಲಾಖೆಯ ಪಾಂಡಿತ್ಯವನ್ನು ಮೆಚ್ಚಲೇಬೇಕು. ‘ಕಲಿಕಾ ಫಲ’, ‘ರೂಪಣಾತ್ಮಕ’, ‘ಸಂಕಲನಾತ್ಮಕ’ ಎಂದು ಸುತ್ತೋಲೆ ಬರೆಯುವವರಿಗೆ ಬೋರ್ಡಿನ ಮುಂದೆ ಒಬ್ಬ ಮನುಷ್ಯ ನಿಂತಿರಬೇಕು ಎಂಬ ಸರಳ ವಾಕ್ಯ ಮಾತ್ರ ಹೊಳೆಯುವುದಿಲ್ಲ. ಬಾಡಿಗೆ ಹೆಗಲಿಗೆ ಕಾಸಿಲ್ಲದ ಹುಡುಗಿ ಕಾಯುತ್ತಿರುವುದು ಆ ಮನುಷ್ಯನಿಗಾಗಿ. ಈ ಪ್ರಬಂಧದ ಎರಡನೆಯ ಸಂಪುಟಕ್ಕೆ ಕ್ಷೇತ್ರಕಾರ್ಯ ಬಾಕಿಯಿದೆ, ಓದುಗರು ನೆರವಾಗಬೇಕು: ಹತ್ತಿರದ ಸರ್ಕಾರಿ ಪಿಯು ಕಾಲೇಜಿಗೆ ಹೋಗಿ, ಭೌತಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರು ಇದ್ದಾರೆಯೇ ಎಂದು ಕೇಳಿ ಬನ್ನಿ.