ದ್ವಿವರ್ಣ ಶಶರೋಮ ಮಕ್ಷಿಕಾ ಮೀಮಾಂಸೆ: ಒಂದು ಪ್ರಾಸ್ತಾವಿಕ ಅನುಸಂಧಾನ

ಪೀಠಿಕೆ

ಲವಣಜಲ ಮೀನುಗಾರಿಕೆಯ ಪರಿಪ್ರೇಕ್ಷ್ಯದಲ್ಲಿ ದ್ವಿವರ್ಣ ಶಶರೋಮ ಮಕ್ಷಿಕೆಯ ಬಂಧನಕ್ರಿಯೆಯು ಕೇವಲ ಕ್ರಿಯೆಯಾಗಿರದೆ, ಬಂಧಕ, ಬಂಧಿತ, ಬಂಧ ಎಂಬ ತ್ರಿಪುಟಿಯ ಸಂಕೀರ್ಣ ಮುಖಾಮುಖಿಯಲ್ಲಿ ರೂಪುಗೊಳ್ಳುವ, ತನ್ಮೂಲಕ ಮತ್ಸ್ಯಕೇಂದ್ರಿತ ಸಂಕಥನವನ್ನು ಒಡೆದು ಕಟ್ಟುವ ಬಹುಸ್ತರೀಯ ಪಠ್ಯವಾಗಿದೆ ಎಂಬುದನ್ನು ಇಲ್ಲಿ ನಿರೂಪಿಸಲು ಯತ್ನಿಸಲಾಗಿದೆ. ಅಂದರೆ, ಗಾಳದ ಕೊಕ್ಕೆಗೆ ಎರಡು ಬಣ್ಣದ ಮೊಲದ ತುಪ್ಪಳ ಸುತ್ತುವುದು ಹೇಗೆ ಅಂತ ಹೇಳಲಾಗಿದೆ. ಈ ಎರಡನೆಯ ವಾಕ್ಯವನ್ನು ಪರೀಕ್ಷಕರು ಓದಬಾರದಾಗಿ ವಿನಂತಿ.

ಅಧ್ಯಯನದ ಕ್ಷೇತ್ರ ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿ, ಅಲ್ಲಿಂದ ಸಮುದ್ರಕ್ಕೆ ಚಾಚಿಕೊಂಡಿರುವ ಕೀಸ್ ದ್ವೀಪಮಾಲೆ, ಅದರೊಳಗೆ ಇಸ್ಲಾಮೊರಾಡ ಎಂಬ ಊರು. ಅಧ್ಯಯನದ ಫಲಾನುಭವಿ ಟಾರ್ಪನ್ ಎಂಬ ಮೀನು. ಬೆಳ್ಳಿ ತಟ್ಟೆಯಂಥ ಹುರುಪೆ, ಮೇಲಕ್ಕೆ ತಿರುಗಿದ ಬಾಯಿ. ಆಗಾಗ ನೀರ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ, ಚೆನ್ನಾಗಿ ಬೆಳೆದರೆ ಹಿಡಿಯಲು ಬಂದವನಿಗಿಂತ ಹೆಚ್ಚು ತೂಗುತ್ತದೆ. ಇಷ್ಟು ದೊಡ್ಡ ಪ್ರಾಣಿ ಬೆರಳುದ್ದದ ಮೊಲದ ತುಣುಕಿಗೆ ಬಾಯಿ ಹಾಕುವುದೇಕೆ ಎಂಬುದೇ ಪ್ರಸ್ತುತ ಸಂಶೋಧನೆಯ ಕೇಂದ್ರ ಸಮಸ್ಯೆ. ಉತ್ತರ ಸರಳ. ಮೊಲದ ಕೂದಲು ಮೆತ್ತಗಿರುವುದರಿಂದ ದಾರ ಎಳೆಯುವುದನ್ನು ನಿಲ್ಲಿಸಿದ ಮೇಲೂ ನೀರಲ್ಲಿ ಅಲುಗುತ್ತಲೇ ಇರುತ್ತದೆ, ಜೀವ ಇದ್ದಂತೆ ಕಾಣುತ್ತದೆ. ಇಷ್ಟು ಹೇಳಿದರೆ ಪ್ರಬಂಧ ಇಲ್ಲಿಗೇ ಮುಗಿಯುವ ಅಪಾಯವಿರುವುದರಿಂದ ಮುಂದುವರಿಯೋಣ.

ಪ್ರಬಂಧಕಾರನಿಗೆ ಈ ವಿಷಯದ ಪ್ರೇರಣೆ ಒದಗಿದ್ದು ಒಂದು ತರಗತಿಯಲ್ಲಿ. ಫ್ಲೈ, ಅಂದರೆ ಈ ಮಕ್ಷಿಕೆ, ಕಟ್ಟುವುದನ್ನು ಕಲಿಸುತ್ತೇವೆಂದು ದುಡ್ಡು ಕಟ್ಟಿಸಿಕೊಂಡಿದ್ದರು. ಮೈತುಂಬ ಜೇಬುಗಳಿದ್ದ ಅಂಗಿಯ ಆಚಾರ್ಯರು ಬಂದು ಪ್ರೊಫೈಲು, ಟ್ರಿಗರು, ನೀರಿನೊಡನೆ ಬೆಳೆಸಿಕೊಳ್ಳಬೇಕಾದ ಸಂಬಂಧ, ತಮ್ಮ ಫಿಲಾಸಫಿ ಎಲ್ಲವನ್ನೂ ವಿವರಿಸಿದರು. ಮೊಲವನ್ನು ಮಾತ್ರ ಮುಟ್ಟಲಿಲ್ಲ. ಕೊನೆಗೆ ಟೀವಿಯ ಅಡುಗೆ ಕಾರ್ಯಕ್ರಮದಲ್ಲಿ ಬೇಯಿಸಿಟ್ಟದ್ದನ್ನು ಮುಂದಿಡುವಂತೆ, ಮೊದಲೇ ಕಟ್ಟಿಟ್ಟ ಒಂದನ್ನು ಎತ್ತಿ ತೋರಿಸಿ ಚಪ್ಪಾಳೆ ಗಿಟ್ಟಿಸಿ ಎದ್ದುಹೋದರು. ನಾನು ಕನ್ನಡದ ವಿಚಾರ ಸಂಕಿರಣಗಳಲ್ಲಿ ಕೂತು ಪಳಗಿದವನು. ಉದ್ಘಾಟನೆ, ಆಶಯ ನುಡಿ, ಗಣ್ಯರ ಉಪಸ್ಥಿತಿ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿ, ನಿಜವಾಗಿ ಓದಿಕೊಂಡು ಬಂದ ಹುಡುಗಿಯ ಕೈಗೆ ‘ಬೇಗ ಮುಗಿಸಿ’ ಎಂಬ ಚೀಟಿ ಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆ ವಿದ್ಯೆ ಸಮುದ್ರ ದಾಟಿದೆ ಎಂಬುದು ಗೊತ್ತಿರಲಿಲ್ಲ.

ಪೂರ್ವಸೂರಿಗಳು

ಯಾವ ಸಂಶೋಧನೆಯೂ ವಿಷಯಕ್ಕೆ ಬರುವ ಮೊದಲು ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಿಬರುವುದು ಕಡ್ಡಾಯ. ರೋಮಿನ ಈಲಿಯನ್ ಎಂಬಾತ ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಅದರ ಮೇಲೆ ಹುಂಜದ ಎರಡು ಮೇಣಬಣ್ಣದ ಗರಿ ಕಟ್ಟಿ ಹೊಳೆಮೀನು ಹಿಡಿಯುತ್ತಿದ್ದರೆಂದು ಬರೆದಿದ್ದಾನೆ. ಕೆಂಪು ಒಂದು, ಮೇಣಬಣ್ಣ ಒಂದು: ಅಲ್ಲಿಗೆ ದ್ವಿವರ್ಣ ಸಿದ್ಧಾಂತದ ಬೀಜ ಸಿಕ್ಕಂತಾಯಿತು. ಮೊಲ ಸಿಗಲಿಲ್ಲ.

ಇನ್ನು ‘ನಮ್ಮಲ್ಲೇ ಮೊದಲು’ ಎಂಬ ಉಪಪ್ರಕರಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೊಂದು ಭಾಗವನ್ನೇ ಮೀಸಲಿಟ್ಟ. ಗಾಳದ ಮೀನುಗಾರಿಕೆಯ ಬಗ್ಗೆ ಇಂಗ್ಲಿಷಿನಲ್ಲಿ ಮೊದಲ ಪುಸ್ತಿಕೆ ಅಚ್ಚಾದದ್ದು 1496ರಲ್ಲಿ. ಲೆಕ್ಕ ಹಾಕಿ ಎದೆ ಉಬ್ಬಿಸಿಕೊಳ್ಳಲು ಇದು ಸಾಕು. ಆದರೆ ಆ ದೊರೆಯನ್ನು ನಾನು ತಮಾಷೆಗೆ ಒಡ್ಡಲಾರೆ. ಅವನು ಮೀನುಗಳನ್ನು ಹೆಸರು ಹಿಡಿದು ಹೇಳುತ್ತಾನೆ, ಅವು ಎಲ್ಲಿರುತ್ತವೆ, ಏನು ತಿನ್ನಿಸಿದರೆ ಕೊಬ್ಬುತ್ತವೆ ಎಂದು ಹೇಳುತ್ತಾನೆ, ಕೋಲು, ದಾರ, ಗಾಳದ ವಿಚಾರ ಹೇಳುತ್ತಾನೆ. ನೀರಿನ ಪಕ್ಕ ಕೂತವನ ಬರವಣಿಗೆ ಅದು. ಅವನ ಹೆಸರು ಹೇಳಿ ಪದವಿ ಗಿಟ್ಟಿಸಬೇಕೆಂದಿರುವವರು ‘ಮೊಲದ ಉಲ್ಲೇಖವಿದ್ದ ಓಲೆಗರಿ ಕಳೆದುಹೋಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ’ ಎಂದು ಬರೆದುಕೊಳ್ಳಬಹುದು.

ಅಲ್ಲಿಂದ ಒಂದೇ ನೆಗೆತಕ್ಕೆ 1970ರ ದಶಕ. ಕೊಲರಾಡೋದ ಡ್ಯಾನ್ ಬೈಫರ್ಡ್ ಕೊಕ್ಕೆಯ ಬೆನ್ನಿಗೆ ಮೊಲದ ಚರ್ಮದ ಸಣ್ಣ ಪಟ್ಟಿಯನ್ನು ಕೂದಲ ಸಮೇತ ಕಟ್ಟಿ ಝಾಂಕರ್ ಎಂದು ಕರೆದರು. ಇಂದಿಗೂ ಅಂಗಡಿಯಲ್ಲಿ ಆ ಪಟ್ಟಿಯನ್ನು ಝಾಂಕರ್ ಪಟ್ಟಿ ಎಂದೇ ಕೇಳಬೇಕು.

ವರ್ಗೀಕರಣ

ದ್ವಿವರ್ಣತ್ವವು ಐದು ವಿಧ. ಮೊದಲನೆಯದು ಪೂರ್ವಾಪರ ದ್ವೈತ: ಬಾಲ ಒಂದು ಬಣ್ಣ, ಕೊರಳು ಇನ್ನೊಂದು. ಎರಡನೆಯದು ಊರ್ಧ್ವಾಧರ ದ್ವೈತ: ಬೆನ್ನು ಕಪ್ಪಗೆ, ಹೊಟ್ಟೆ ಬೆಳ್ಳಗೆ. ಎರಡು ಬಣ್ಣದ ಪಟ್ಟಿಗಳನ್ನು ಚರ್ಮಕ್ಕೆ ಚರ್ಮ ಕೂಡಿಸಿ ಅಂಟು ಹಾಕುವುದು ಇದರ ವಿಧಾನ. ಸ್ಕಾಟ್ ಸ್ಯಾಂಚೆಜ್ ಅವರ ಡಬಲ್ ಬನ್ನಿ ಇದಕ್ಕೆ ಮಾದರಿ. ಇದರ ಹಿಂದೆ ನಿಜವಾದ ವಿಜ್ಞಾನವಿದೆ. ಬಿಸಿಲು ಮೇಲಿಂದ ಬೀಳುವುದರಿಂದ ಕಪ್ಪು ಬೆನ್ನು, ಬಿಳಿ ಹೊಟ್ಟೆಯ ಪ್ರಾಣಿಯ ಮೈ ಚಪ್ಪಟೆಯಾಗಿ ಕಂಡು ಹಿನ್ನೆಲೆಯಲ್ಲಿ ಕರಗುತ್ತದೆ ಎಂದು 1896ರಲ್ಲಿ ಬರೆದವರು ಅಬಟ್ ಥೇಯರ್ ಎಂಬ ಚಿತ್ರಕಾರ. ಸಮುದ್ರದ ಸಣ್ಣ ಮೀನುಗಳು ಹೆಚ್ಚಿನವು ಹೀಗೇ ಇವೆ. ಬದುಕಿಕೊಳ್ಳಲೆಂದು ಮೀನು ತೊಟ್ಟ ಬಣ್ಣವನ್ನೇ ನಾವು ತಿನಿಸಿನ ಗುರುತಾಗಿ ತೊಡಿಸುತ್ತೇವೆ, ಟಾರ್ಪನ್ ಮೋಸ ಹೋಗುತ್ತದೆ. ಮೂರನೆಯದು ವಿಶಿಷ್ಟಾದ್ವೈತ: ಒಂದೇ ಪಟ್ಟಿಯ ಮೇಲೆ ಹುಲಿಯ ಹಾಗೆ ಅಡ್ಡಗೆರೆ ಹಾಕಿಸಿಕೊಂಡು ಬಂದದ್ದು. ನಾಲ್ಕನೆಯದು... ನಾಲ್ಕು ಮತ್ತು ಐದನ್ನು ಮತಾಚಾರ್ಯರಿಗೆ ಬಿಟ್ಟಿದ್ದೇನೆ. ಕೊಕ್ಕೆ ತನ್ನನ್ನು ಹಿಡಿದಿರುವ ವೈಸಿನಲ್ಲಿ (ಇಕ್ಕಳ) ಕಾಯುತ್ತಿದೆ.

ಕ್ರಿಯಾಕಾಂಡ

1/0 ಅಥವಾ 2/0 ಅಳತೆಯ, ಉಪ್ಪುನೀರಿಗೆ ತುಕ್ಕು ಹಿಡಿಯದ ಕೊಕ್ಕೆ. ವೈಸಿನಲ್ಲಿ ಬಾಗಿದ ಭಾಗ ಸಿಕ್ಕಿಸಿ, ಬಾಬಿನ್ನಿನ ದಾರದಿಂದ ಕಡ್ಡಿಯುದ್ದಕ್ಕೂ ಒತ್ತಾಗಿ ಸುತ್ತಿಕೊಳ್ಳಬೇಕು. ಬರಿಯ ಲೋಹದ ಮೇಲೆ ಚರ್ಮ ನಿಲ್ಲುವುದಿಲ್ಲ, ಜಾರುತ್ತದೆ. ಬಾಗಿನ ಹತ್ತಿರ ದಪ್ಪ ತಂಗೂಸು ದಾರದ ಒಂದು ಕುಣಿಕೆ ಕಟ್ಟಿಕೊಂಡರೆ ಒದ್ದೆ ಬಾಲ ಕೊಕ್ಕೆಗೆ ಸುತ್ತಿಕೊಳ್ಳದಂತೆ ಅದು ತಡೆಯುತ್ತದೆ. ಈ ಕುಣಿಕೆಯ ಬಗ್ಗೆ ಯಾವ ಆಚಾರ್ಯರೂ ಮಾತಾಡುವುದಿಲ್ಲ. ಇಡೀ ಫ್ಲೈ ನಿಂತಿರುವುದು ಅದರ ಮೇಲೆ.

ಚರ್ಮವನ್ನು ಕತ್ತರಿಯಿಂದ ಕತ್ತರಿಸಬಾರದು, ಕತ್ತರಿ ಕೂದಲನ್ನೂ ಕೊಯ್ಯುತ್ತದೆ. ತಿರುವಿ ಹಾಕಿ, ಚರ್ಮದ ಕಡೆಯಿಂದ ಬ್ಲೇಡಿನ ಮೂಲೆಯಲ್ಲಿ ಗೀರಬೇಕು. ಬಾಲಕ್ಕೆ ಕೂದಲು ಮಲಗಿದ ದಿಕ್ಕಿನಲ್ಲೇ ಉದ್ದಕ್ಕೆ ಗೀರಿದ, ಮೂರು ಮಿಲಿಮೀಟರ್ ಅಗಲದ ಪಟ್ಟಿ. ಮೈಗೆ ಅಡ್ಡಲಾಗಿ ಗೀರಿದ ಇನ್ನೊಂದು ಬಣ್ಣದ ಪಟ್ಟಿ. ಅದನ್ನು ಕೊಕ್ಕೆಗೆ ಸುತ್ತಿದಾಗ ಕೂದಲು ತಾನಾಗಿ ಹಿಂದಕ್ಕೆ ಒರಗುತ್ತದೆ. ಉದ್ದ ಗೀರಿದ್ದನ್ನೇ ಸುತ್ತಿದರೆ ಕೂದಲು ಒಂದೇ ಪಕ್ಕಕ್ಕೆ ವಾಲಿ, ಅರ್ಧ ತಲೆ ಬಾಚಿಕೊಂಡು ಓಡಿಬಂದವನ ಕಳೆ ಬರುತ್ತದೆ.

ಕಟ್ಟುವ ಜಾಗದಲ್ಲಿ ಬೆರಳನ್ನು ಎಂಜಲು ಮಾಡಿಕೊಂಡು (ಶಾಸ್ತ್ರಕಾರರು ಕ್ಷಮಿಸಲಿ) ಕೂದಲಿಗೆ ಬೈತಲೆ ತೆಗೆಯಬೇಕು. ಬೈತಲೆಯಲ್ಲಿ ಕಾಣುವ ಬೋಳು ಚರ್ಮದ ಮೇಲೆ ಮಾತ್ರ ದಾರ ಬೀಳಬೇಕು. ನಾಲ್ಕು ಕೂದಲು ದಾರದಡಿ ಸಿಕ್ಕಿಕೊಂಡರೂ ಅವು ಮೇಲಕ್ಕೆ ನಿಂತು ಕೊನೆಯವರೆಗೂ ಅಣಕಿಸುತ್ತವೆ. ಆಮೇಲೆ ಅಡ್ಡಪಟ್ಟಿಯನ್ನು ಒಂದು ಸುತ್ತು ಸುತ್ತಿ, ಕೂದಲನ್ನು ಹಿಂದಕ್ಕೆ ನೀವಿ, ಮತ್ತೊಂದು ಸುತ್ತು, ಮತ್ತೆ ನೀವುವುದು. ಕೊಕ್ಕೆಯ ಕಣ್ಣಿನ ಹಿಂದೆ ಜಾಗ ಬಿಡಬೇಕು. ಬಿಡದಿದ್ದರೆ ಗಂಟು ಹಾಕಲು ಇಂಬಿಲ್ಲದೆ ದಾರ ಕಣ್ಣಿಗೇ ಇಳಿದು, ಕಟ್ಟಿದ್ದೆಲ್ಲ ಬಿಚ್ಚಬೇಕಾಗುತ್ತದೆ. ಇಷ್ಟರಲ್ಲಿ ಉಳಿದ ತುಪ್ಪಳ ಕಾಫಿ ಲೋಟಕ್ಕೆ, ಮೂಗಿಗೆ, ಹೆಂಡತಿಯ ಕರಿ ಶಾಲಿಗೆ ಹೋಗಿ ಸೇರಿರುತ್ತದೆ.

ಒಂದು ಸತ್ಯವನ್ನು ಮುಚ್ಚಿಡಬಾರದು: ಮೊಲ ನೀರು ಕುಡಿಯುತ್ತದೆ. ಒಣಗಿದಾಗ ಗರಿಯಂತಿದ್ದದ್ದು ಒಂದು ಸಲ ನೆನೆದರೆ ಒದ್ದೆ ಕಾಲುಚೀಲ. ಹಿಂದಕ್ಕೆ ಬೀಸಿದಾಗ ಗಾಳಿ ಎದುರಾದರೆ ಕುತ್ತಿಗೆಗೆ ಬಂದು ಬಡಿಯುತ್ತದೆ. ಆ ಕ್ಷಣದಲ್ಲಿ ಯಾರಿಗೂ ಫಿಲಾಸಫಿ ನೆನಪಾಗುವುದಿಲ್ಲ.

ಅಧ್ಯಯನದ ವ್ಯಾಪ್ತಿ ಮತ್ತು ಮಿತಿಗಳು

ಪ್ರತಿ ಪ್ರಬಂಧದಲ್ಲೂ ಇದೊಂದು ಪುಟ ಇರುತ್ತದೆ. ಬರೆಯಲು ಆಗದ್ದನ್ನು, ಬರೆದರೆ ತೊಂದರೆಯಾಗುವುದನ್ನು ‘ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಆಚೆ ದೂಡುವ ಪುಟ.

ಈ ಫ್ಲೈಗಳನ್ನು ನಿಜಕ್ಕೂ ಕಟ್ಟುವವರು ಯಾರು ಎಂಬುದು ವ್ಯಾಪ್ತಿಗೆ ಬರುವುದಿಲ್ಲ. ಬಣ್ಣ ಬದಲಿಸಿ ಕಣ್ಣು ಅಂಟಿಸಿದವನಿಗೆ ಹೆಸರಿದೆ, ಕಂಪನಿಯಿಂದ ರಾಯಲ್ಟಿಯಿದೆ. 1991ರಲ್ಲಿ ಅಮೆರಿಕದ ಅಂಚೆ ಇಲಾಖೆ ಲೆಫ್ಟಿ ಕ್ರೇ ಅವರ ಡಿಸೀವರ್ ಎಂಬ ಫ್ಲೈಯನ್ನು ಅಂಚೆಚೀಟಿಯ ಮೇಲೇ ಅಚ್ಚು ಹಾಕಿತು. ಬೇಡವೆನ್ನುವುದಿಲ್ಲ, ಕ್ರೇ ದೊಡ್ಡ ಕೈಗಾರ. ಆದರೆ ಅಂಗಡಿಯ ಗಾಜಿನ ಡಬ್ಬಿಯಲ್ಲಿರುವ ಫ್ಲೈಗಳು ಬಹುಪಾಲು ಬರುವುದು ಕೀನ್ಯಾ, ಥಾಯ್ಲೆಂಡ್, ಶ್ರೀಲಂಕಾಗಳಿಂದ. ಡಜನ್ ಲೆಕ್ಕದಲ್ಲಿ ಕಟ್ಟುವ ಆ ಕೈಗಳಲ್ಲಿ ಎಷ್ಟೋ ಹೆಂಗಸರವು. ಟಾರ್ಪನ್ನನ್ನು ಕಾಣದೆಯೇ ಅದರ ಬಾಯಿಗೆ ಸರಿಯಾಗಿ ಬೈತಲೆ ತೆಗೆದು, ಕಣ್ಣಿನ ಹಿಂದೆ ಜಾಗ ಬಿಟ್ಟು ಕಟ್ಟುತ್ತಾರೆ. ಆ ಸಂಜೆ ಆಚಾರ್ಯರು ಎತ್ತಿ ತೋರಿಸಿದ ಫ್ಲೈ ಅಂಥದ್ದೇ ಒಂದು ಡಬ್ಬಿಯದು. ದರದ ಚೀಟಿ ಇನ್ನೂ ಅಂಟಿಕೊಂಡಿತ್ತು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಶಿಷ್ಯರಿಂದ ಬರೆಸಿದ ಲೇಖನಕ್ಕೆ ತಮ್ಮ ಹೆಸರನ್ನು ಮೊದಲು ಹಾಕಿಕೊಳ್ಳುವ ಮಾರ್ಗದರ್ಶಕರಿಗೂ ಆಗುವುದಿಲ್ಲ.

ನೀರೂ ವ್ಯಾಪ್ತಿಗೆ ಬರುವುದಿಲ್ಲ. ಕೀಸಿನ ಪಕ್ಕದ ಫ್ಲಾರಿಡಾ ಕೊಲ್ಲಿಗೆ ಸಿಹಿನೀರು ಬರುತ್ತಿದ್ದದ್ದು ಉತ್ತರದ ಓಕಿಚೋಬಿ ಸರೋವರದಿಂದ, ಎವರ್‌ಗ್ಲೇಡ್ಸ್ ಜೌಗಿನ ಹುಲ್ಲಿನ ನಡುವೆ ನಿಧಾನ ಹರಿದು. ಕಾಲುವೆ ತೋಡಿ ನೀರನ್ನು ಪೂರ್ವಕ್ಕೂ ಪಶ್ಚಿಮಕ್ಕೂ ತಿರುಗಿಸಿದರು, ಸರೋವರದ ಕೆಳಗೆ ಕಬ್ಬು ಹಾಕಿದರು, 1928ರಲ್ಲಿ ಮುಗಿದ ಟಾಮಿಯಾಮಿ ಹೆದ್ದಾರಿ ಜೌಗಿಗೆ ಅಡ್ಡ ಕಟ್ಟೆಯಾಗಿ ಕೂತಿತು. ಸಿಹಿನೀರು ಬರದೆ ಕೊಲ್ಲಿ ಬೇಸಗೆಯಲ್ಲಿ ಸಮುದ್ರಕ್ಕಿಂತ ಹೆಚ್ಚು ಉಪ್ಪಾಗತೊಡಗಿತು. 1987ರಲ್ಲಿ ತಳದ ಕಡಲಹುಲ್ಲು ಸಾಯಲು ಶುರುವಾಯಿತು. 2015ರಲ್ಲಿ ಮತ್ತೆ, ಸುಮಾರು 40,000 ಎಕರೆ. ಎವರ್‌ಗ್ಲೇಡ್ಸನ್ನು ಸರಿಪಡಿಸುವ ಯೋಜನೆಗೆ ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟದ್ದು 2000ದಲ್ಲಿ; ಕೆಲಸ ಇನ್ನೂ ನಡೆಯುತ್ತಿದೆ. 2023ರ ಜುಲೈಯಲ್ಲಿ ಪಕ್ಕದ ಮ್ಯಾನಟಿ ಕೊಲ್ಲಿಯ ನೀರು 38 ಡಿಗ್ರಿ ಸೆಲ್ಸಿಯಸ್ ದಾಟಿತು. ಜ್ವರ ಬಂದ ಮೈಯ ಬಿಸಿ.

ಆ ಕಡಲಹುಲ್ಲಿನೊಳಗೆ ಸೀಗಡಿ, ಏಡಿ, ಸಣ್ಣ ಮೀನು. ಅವನ್ನು ಹುಡುಕಿಕೊಂಡು ದೊಡ್ಡ ಮೀನು. ಇದು ಎರಡನೆಯ ತರಗತಿಯ ಹುಡುಗನಿಗೂ ತಿಳಿಯುವ ಮಾತು. ಆದರೂ ಕಪ್ಪಿನ ಬದಿಗೆ ನೇರಳೆಯೋ ಕೆಂಪೋ ಎಂಬುದರ ಮೇಲೆ ಎಷ್ಟು ಪುಟ ಬೇಕಾದರೂ ಬರೆಯುವವರಿದ್ದಾರೆ, ಹುಲ್ಲಿನ ಮಾತೆತ್ತಿದರೆ ‘ಅದು ರಾಜಕೀಯ’ ಎನ್ನುತ್ತಾರೆ. ಕಾಲುವೆಯ ತೂಬು ಯಾರ ಕೈಯಲ್ಲಿದೆ ಎಂದು ಒಬ್ಬರೂ ಕೇಳುವುದಿಲ್ಲ.

ಶಿಫಾರಸುಗಳು

ಬಣ್ಣದ ವಿಚಾರದಲ್ಲಿ ಕೀಸಿನ ದೋಣಿಯವರ ಮಾತು ಇಷ್ಟೇ: ತಿಳಿನೀರಿಗೆ ಬಿಳಿ ಮತ್ತು ತಿಳಿಕಂದು, ಕದಡಿದ ನೀರಿಗೆ ಕಪ್ಪು ಮತ್ತು ನೇರಳೆ. ಹುಲ್ಲು ಸತ್ತ ಮೇಲೆ ತಳದ ಕೆಸರನ್ನು ಹಿಡಿದಿಡುವ ಬೇರಿಲ್ಲ, ಕೊಳೆತದ್ದರ ಸಾರಕ್ಕೆ ಪಾಚಿ ಹಬ್ಬಿ ನೀರು ಹಸಿರು ಗಂಜಿಯಾಗುತ್ತದೆ. ಆದಕಾರಣ ಭಾವೀ ಸಂಶೋಧಕರು ಬಿಳಿ ಪಟ್ಟಿಗಳಿಗೆ ದುಡ್ಡು ಹಾಕದೆ, ಕಪ್ಪು ನೇರಳೆಗಳನ್ನೇ ಹೆಚ್ಚಾಗಿ ಖರೀದಿಸಿ ಇಟ್ಟುಕೊಳ್ಳತಕ್ಕದ್ದು.