ಆ ಫ್ಲ್ಯಾಗ್ ಹಾಕಿದ್ದು ಯಾರು ಮಾರಾಯ್ರೇ?

ಮಡಿಕೇರಿ, ವಿರಾಜಪೇಟೆ ಕಡೆ ಕೂತು ವರ್ಕ್ ಫ್ರಮ್ ಹೋಮ್ ಮಾಡೋರೇ, ನಿಮ್ಗೇ ಹೇಳ್ತಿರೋದು. ತೋಟದ ಮಳೆನ ಇಂಚು, ಸೆಂಟು ಅಂತ ಬಿಡದೆ ಬರೆದಿಟ್ಟ ಮನೆತನ ನಿಮ್ದು (ನೂರು ಸೆಂಟಿಗೆ ಒಂದಿಂಚು. ಪಕ್ಕದ ತೋಟಕ್ಕೆ ಹತ್ತು ಸೆಂಟು ಜಾಸ್ತಿ ಬಿದ್ರೆ ನಿಮ್ಗೆ ನಿದ್ದೆ ಬರಲ್ಲ, ಹೌದೋ ಅಲ್ವೋ?). ಈಗ ಅಜ್ಜನ ರಿಜಿಸ್ಟರನ್ನ ಕಂಪ್ಯೂಟರಿಗೆ ಏರಿಸಿ, ಹೂಮಳೆ ಲೆಕ್ಕ ಹಾಕೋಕೆ ಹೊರಟಿದ್ದೀರಿ. ಅದೂ ಫೋರ್ಟ್ರಾನ್‌ನಲ್ಲಿ!

ನಗೋರು ನಗಲಿ ಬಿಡಿ. 1957ರಲ್ಲಿ ಐಬಿಎಂನಿಂದ ಹೊರಬಿದ್ದ ಭಾಷೆ ನಿಜ, ಆದ್ರೆ ಡಬ್ಲ್ಯೂಆರ್‌ಎಫ್ ಅನ್ನೋ ಹವಾಮಾನ ಮಾಡೆಲ್ ಇವತ್ತಿಗೂ ಓಡೋದು ಹೆಚ್ಚುಪಾಲು ಅದರ ಮೇಲೇ. ತೊಂದ್ರೆ ಭಾಷೇದಲ್ಲ, ನಿಮ್ಮ ಮೇಕ್‌ಫೈಲಿಂದು. ತೆಗೀರಿ ನೋಡೋಣ.

ಓ-3, ಎಫ್-ಫಾಸ್ಟ್-ಮ್ಯಾತ್, ಎಫ್-ಡೀಫಾಲ್ಟ್-ರಿಯಲ್-8... ಕಂಪೈಲರ್ ಫ್ಲ್ಯಾಗ್‌ಗಳು ಸಾಲುಗಟ್ಟಿ ನಿಂತಿವೆ. ಯಾವ್ದು ಏನ್ಮಾಡುತ್ತೆ? ‘ಸೀನಿಯರ್ ಒಬ್ರು ಕೊಟ್ಟಿದ್ದು’ ಅಂತೀರಿ. ಪಕ್ಕದ ತೋಟದವ್ರು ಬೋರ್ಡೋ ದ್ರಾವಣಕ್ಕೆ ಎಷ್ಟು ಸುಣ್ಣ ಹಾಕಿದ್ರು ಅಂತ ಕೇಳ್ಕೊಂಡು ಬಂದು ಸುರಿಯೋದಿಲ್ವಾ, ಹಾಗೆ. (ಆ ಸೀನಿಯರನ್ನ ಕೇಳಿ ನೋಡಿ, ಅವ್ರೂ ಇನ್ಯಾರ ಫೈಲಿಂದಲೋ ಎತ್ತಿದ್ದೇ.)

ಹುಡುಕಿಲ್ಲ ಅಂತ ಅಲ್ಲ, ಹುಡುಕಿದ್ದೀರಿ. ನಿಮ್ಮ ಕಂಪೈಲರ್ ಜಿಫೋರ್ಟ್ರಾನಿನ ಕೈಪಿಡಿಯಲ್ಲಿ ಓ-3ರ ವಿವರಣೆ ಸಿಗಲಿಲ್ಲ, ಮುಚ್ಚಿಟ್ರಿ. ಅಯ್ಯೋ, ಅದು ಅಲ್ಲಿರೋದೇ ಇಲ್ಲ! ಅಲ್ಲಿರೋದು ಫೋರ್ಟ್ರಾನಿಗೆ ಮಾತ್ರ ಸೇರಿದ ಫ್ಲ್ಯಾಗ್‌ಗಳು. ಉಳಿದವ್ರ ಸಂಸಾರವೆಲ್ಲ ಜಿಸಿಸಿ ಕಂಪೈಲರಿನ ದೊಡ್ಡ ಕೈಪಿಡೀಲಿ. ಫ್ಲ್ಯಾಗ್‌ಗಳ ಅಧ್ಯಾಯದ ಶುರುವಲ್ಲೇ ಹಾಗಂತ ಬರೆದಿದೆ. ಶುರುವಿಂದ ಓದೋರು ಯಾರು?

ಇನ್ನು ಸಿಕ್ಕಿದ್ದನ್ನಾದ್ರೂ ಪೂರ್ತಿ ಓದ್ತೀರಾ? ಡೀಫಾಲ್ಟ್-ರಿಯಲ್-8 ಹಾಕಿದ್ರೆ ಮಾಮೂಲಿ ರಿಯಲ್ ಎಂಟು ಬೈಟಿಗೆ ಏರುತ್ತೆ, ಖುಷಿ. ಮುಂದಿನ ವಾಕ್ಯ? ಡಬಲ್ ಪ್ರಿಸಿಷನ್ ಕೂಡ ಸಾಧ್ಯವಿದ್ರೆ ಹದಿನಾರಕ್ಕೆ ಏರುತ್ತೆ, ಬೇಡ ಅಂದ್ರೆ ಡೀಫಾಲ್ಟ್-ಡಬಲ್-8 ಕೂಡ ಹಾಕಬೇಕು. ಅಷ್ಟೊತ್ತಿಗೆ ನೀವು ಕಾಫಿಗೆ ಎದ್ದಾಗಿತ್ತು.

ಫಾಸ್ಟ್-ಮ್ಯಾತ್ ಇನ್ನೂ ಕಿಲಾಡಿ. ಲೆಕ್ಕದಲ್ಲಿ ‘ನ್ಯಾನ್’ (ಸಂಖ್ಯೆಯೇ ಅಲ್ಲ ಅನ್ನೋ ಗುರುತು) ಬರೋದೇ ಇಲ್ಲ ಅಂತ ಕಂಪೈಲರ್ ನಂಬಿ ಕೂರುತ್ತೆ. ಅಜ್ಜ ಕೈಲ್‌ಪೊಳ್ದ್ ಹಬ್ಬದ ಊಟಕ್ಕೆ ಹೋಗಿ ಮಳೆಮಾಪನ ನೋಡದ ದಿನಕ್ಕೆ ನೀವು ಹಾಕಿದ್ದು ಆ ನ್ಯಾನನ್ನೇ ತಾನೇ? ಅದನ್ನ ಹಿಡಿಯೋಕೆ ನೀವು ಬರೆದ ಚೆಕ್ಕನ್ನ, ಅನಗತ್ಯ ಅಂತ ಕಂಪೈಲರ್ ಕಿತ್ತೆಸೆದ್ರೂ ಎಸೀತು. ವೇಗ ಮಾತ್ರ ಭರ್ಜರಿ!

‘ನಾನು ಡಬ್ಲ್ಯೂ-ಆಲ್ ಹಾಕಿದ್ದೀನಿ, ಎಲ್ಲಾ ಎಚ್ಚರಿಕೆನೂ ಬರುತ್ತೆ’ ಅಂತ ಎದೆ ಉಬ್ಬಿಸ್ಬೇಡಿ. ಎಲ್ಲಾ ಬರಲ್ಲ. ಇನ್ನಷ್ಟು ಬೇಕಿದ್ರೆ ಡಬ್ಲ್ಯೂ-ಎಕ್ಸ್‌ಟ್ರಾ ಅಂತ ಬೇರೆ ಇದೆ.

ಜೂನಲ್ಲಿ ಕರೆಂಟ್ ಹೋಗಿ, ಟವರ್ರೂ ಮಲಗಿ, ನೆಟ್ ಇಲ್ಲ ಅನ್ನೋ ನೆವ ಬೇರೆ ನಿಮ್ಗೆ. ಟರ್ಮಿನಲ್ಲಲ್ಲಿ ‘ಮ್ಯಾನ್ ಜಿಫೋರ್ಟ್ರಾನ್’ ಹೊಡೆಯೋಕೆ ನೆಟ್ ಯಾಕೆ? ನಿಮ್ಮ ಮಷಿನ್ನಿನ ವರ್ಷನ್ನಿಗೆ ತಕ್ಕ ಪುಟ ಸಾಮಾನ್ಯವಾಗಿ ಒಳಗೇ ಇರುತ್ತೆ (ನೆಟ್ಟಲ್ಲಿ ಸಿಗೋದು ಹೆಚ್ಚಾಗಿ ಹೊಸ ವರ್ಷನ್ನಿಂದು, ಅಲ್ಲಿರೋ ಫ್ಲ್ಯಾಗ್ ನಿಮ್ಮ ಕಂಪೈಲರಿಗೆ ಗೊತ್ತೇ ಇರಲಿಕ್ಕಿಲ್ಲ). ಭಾಷೆ ಹೊರಬೀಳೋ ಮೊದಲೇ, 1956ರಲ್ಲಿ ಬಂದ ಮೊದಲ ಫೋರ್ಟ್ರಾನ್ ಕೈಪಿಡಿ ಬರೀ 51 ಪುಟ. ಅದನ್ನ ಕೊಟ್ಟಿದ್ರೂ ನೀವು ಓದ್ತಿರಲಿಲ್ಲ ಬಿಡಿ.

ಅಂದ ಹಾಗೆ, ಅರೇಲಿ ವರ್ಷಕ್ಕೆ 365 ಮನೆ ಇಟ್ಟಿದ್ದೀರಲ್ಲ, 2024ರ ಡಿಸೆಂಬರ್ 31 ಎಲ್ಲಿ ಹೋಗಿ ಕೂತಿದೆ? ಎಫ್-ಚೆಕ್-ಬೌಂಡ್ಸ್ ಹಾಕಿ ಒಂದ್ಸಲ ಓಡಿಸಿ. ಏನು, ನಾಳೆ ನೋಡೋಣ ಅಂತೀರಾ? ಗೊತ್ತಿತ್ತು ನಂಗೆ.