ಅಂಚೆ ತೆರಪಿನ ಲಾಯರು

ಸರಸ್ವತಿಪುರಂನಲ್ಲಿದ್ದು ಓದದೇ ಇರುವುದು ಕಷ್ಟ. ಬೀದಿಗೊಬ್ಬರು ನಿವೃತ್ತ ಪ್ರೊಫೆಸರು, ಗೇಟಿನ ಮೇಲೆ ಹೆಸರಿಗಿಂತ ಉದ್ದದ ಡಿಗ್ರಿ. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಸವೆದು ರಿಟೈರಾದ ನನ್ನ ಗೇಟಿನ ಮೇಲಿರುವುದು ‘ನಾಯಿ ಇದೆ’ ಎಂಬ ಫಲಕವೊಂದೇ. ನಾಯಿಯೂ ಇಲ್ಲ.

ಹಾಗಾಗಿ ಮನೆಯಲ್ಲೇ ಕೂತು ಲಾಯರಾಗಿಬಿಡೋಣ ಅನ್ನಿಸಿತು. ಕುಕ್ಕರಹಳ್ಳಿ ಕೆರೆಯಾಚೆ ಮುಕ್ತಗಂಗೋತ್ರಿ ಇದ್ದೇ ಇದೆಯಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಶುರುಮಾಡಿದ ಅಂಚೆ ತೆರಪಿನ ಶಿಕ್ಷಣ, 1996ರಲ್ಲಿ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆದ ಊರು ನಮ್ಮದು. ನಮ್ಮತ್ತಿಗೆ ಒಲೆ ಮುಂದೆ ಕೂತೇ ಎಂ.ಎ. ಮುಗಿಸಿದವರು. ಆದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಅಷ್ಟು ಸುಲಭಕ್ಕೆ ಒಲಿಯುವ ದೇವರಲ್ಲ. ಅದರ 2008ರ ನಿಯಮಗಳ ಪ್ರಕಾರ ಅಂಚೆಯಲ್ಲಿ ಬಂದ ಎಲ್‌ಎಲ್‌ಬಿಗೆ ಸನ್ನದು ಸಿಗುವುದಿಲ್ಲ. ಕಾಲೇಜಿಗೇ ಹೋಗಬೇಕು, ಶೇ. 70 ಹಾಜರಿ ಬೇಕು. ಮೊಮ್ಮಗಳ ಓರಗೆಯವರ ಜೊತೆ ಬೆಂಚಿನಲ್ಲಿ ಕೂರಲು ನಾನೇನೋ ಸಿದ್ಧನಿದ್ದೆ, ನನ್ನ ಮಂಡಿ ಒಪ್ಪಲಿಲ್ಲ.

ಕೊನೆಗೆ ಸಿಕ್ಕಿದ್ದು ಡಿಪ್ಲೊಮಾ. ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ ದೂರಶಿಕ್ಷಣದಲ್ಲಿ ಗ್ರಾಹಕ ಕಾನೂನು, ವೈದ್ಯಕೀಯ ಕಾನೂನು, ಪರಿಸರ ಕಾನೂನು ಅಂತೆಲ್ಲ ಕಲಿಸುತ್ತದೆ. ಓದಿದರೆ ಜ್ಞಾನ ಬರುತ್ತದೆ, ಕರಿ ಕೋಟು ಬರುವುದಿಲ್ಲ. ನಾನು ಗ್ರಾಹಕ ಕಾನೂನು ಆರಿಸಿಕೊಂಡೆ. ಗ್ರಾಹಕರ ಆಯೋಗದಲ್ಲಿ ವಕೀಲರಿಲ್ಲದೆ ತಾನೇ ನಿಂತು ವಾದಿಸಬಹುದು ಎಂಬುದೇ ಅದರ ಆಕರ್ಷಣೆ. ಇಡೀ ಮೈಸೂರಿನಲ್ಲಿ ನನ್ನನ್ನು ವಕೀಲನಾಗಿ ಇಟ್ಟುಕೊಳ್ಳಬಲ್ಲ ಕಕ್ಷಿದಾರ ನಾನೊಬ್ಬನೇ.

ಪುಸ್ತಕದ ಕಟ್ಟು ಬಂದ ಮೇಲೆ ಮನೆಯಲ್ಲಿ ನನ್ನ ಭಾಷೆ ಬದಲಾಯಿತು. ಒಂದು ಬೆಳಿಗ್ಗೆ ಕಾಫಿ ಆರಿತ್ತು. “ಇದು ಸೇವಾ ನ್ಯೂನತೆ,” ಅಂದೆ.

“ದುಡ್ಡು ಕೊಟ್ಟಿದ್ದೀರೇನ್ರೀ?” ಅಂದಳು ನನ್ನವಳು.

“ಇಲ್ಲ.”

“ಹಾಗಾದ್ರೆ ನಿಮ್ಮ ಪುಸ್ತಕ ನೀವೇ ನೋಡ್ಕೊಳ್ಳಿ.”

ನೋಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲೇ ಇದೆ: ಪುಕ್ಕಟೆ ಮಾಡಿಕೊಟ್ಟದ್ದು ‘ಸೇವೆ’ಯೇ ಅಲ್ಲ. ಧಾರಾವಾಹಿಯ ಜಾಹೀರಾತುಗಳ ನಡುವೆ ನನ್ನ ಪಠ್ಯವನ್ನು ಅವಳು ಓದಿ ಮುಗಿಸಿದ್ದಳು. ಶುಲ್ಕ ಕಟ್ಟಿದವನು ನಾನು, ಪಾಠ ಹತ್ತಿದ್ದು ಅವಳಿಗೆ. ಆರಿದ ಕಾಫಿಯನ್ನು ಕಾನೂನುಬದ್ಧವಾಗಿ ಕುಡಿದೆ.

ಸೇಡಿಗಾಗಿ ಒಪ್ಪಂದ ಕಾನೂನಿನ ಹಳೇ ಪುಸ್ತಕವೊಂದನ್ನು ತಂದೆ. ಅದರಲ್ಲಿ ಸಿಕ್ಕವರು ಬಾಲ್ಫರ್ ಸಾಹೇಬರು. ಸಿಲೋನಿನ ನೀರಾವರಿ ಇಲಾಖೆಯಲ್ಲಿದ್ದ ಈ ಮಹಾನುಭಾವ, ಇಂಗ್ಲೆಂಡಿನಲ್ಲಿ ಉಳಿದ ಹೆಂಡತಿಗೆ ತಿಂಗಳಿಗೆ 30 ಪೌಂಡ್ ಕಳಿಸುತ್ತೇನೆಂದು ಮಾತು ಕೊಟ್ಟು ತಪ್ಪಿದರು. ಆಕೆ ಕೋರ್ಟಿಗೆ ಹೋದಳು. 1919ರಲ್ಲಿ ಮೇಲ್ಮನವಿ ನ್ಯಾಯಾಲಯ, ಗಂಡ-ಹೆಂಡಿರ ನಡುವಿನ ಇಂಥ ಮನೆಮಾತುಗಳು ಕಾನೂನಿನ ಒಪ್ಪಂದವಾಗುವುದಿಲ್ಲ ಎಂದುಬಿಟ್ಟಿತು. ನಾನು ಕುರ್ಚಿಯಲ್ಲೇ ಕುಣಿದೆ. ಮದುವೆಯಾದ ವರ್ಷ ದಸರಾ ವಸ್ತುಪ್ರದರ್ಶನದ ಜನಜಂಗುಳಿಯಲ್ಲಿ, ಮೈಸೂರು ಸಿಲ್ಕ್ ಸೀರೆ ಕೊಡಿಸುತ್ತೇನೆ ಎಂದು ಇವಳಿಗೆ ನಾನೂ ಒಂದು ಮಾತು ಕೊಟ್ಟಿದ್ದೆ. ಪ್ರತಿ ದಸರಾದಲ್ಲೂ ಆನೆಗಳ ಜೊತೆ ಆ ಮಾತೂ ಮೆರವಣಿಗೆ ಹೊರಡುತ್ತದೆ. ಗ್ರಾಹಕರ ಆಯೋಗದಲ್ಲಿ ಎರಡು ವರ್ಷ ಕಳೆದರೆ ದೂರಿಗೆ ಕಾಲಮಿತಿ ಮುಗಿಯುತ್ತದೆ, ನಮ್ಮ ಅಡುಗೆಮನೆಯಲ್ಲಿ ಅಂಥ ಕಾಯ್ದೆ ಜಾರಿಗೆ ಬಂದಿಲ್ಲ.

ಬಾಲ್ಫರ್ ತೀರ್ಪನ್ನು ಊಟದ ಮೇಜಿನ ಮುಂದೆ ನಿಂತು ಮಂಡಿಸಿದೆ. ಅವಳು ಶಾಂತವಾಗಿ ಕೇಳಿ, ಸಾರಿನ ಸೌಟನ್ನು ಪಾತ್ರೆಗೇ ಇಳಿಸಿದಳು.

“ಗಂಡ ಕೊಟ್ಟ ಮಾತು ನಡೆಸಬೇಕಾಗಿಲ್ಲ ಅಂದ್ರೆ, ರಾತ್ರಿ ಚಪಾತಿ ಮಾಡ್ತೀನಿ ಅಂತ ನಾನು ಹೇಳಿದ್ದೂ ನಡೆಸಬೇಕಾಗಿಲ್ಲ ಅಲ್ವಾ?”

ಬಾಲ್ಫರರ ಮನೆಯಲ್ಲಿ ಆ ರಾತ್ರಿ ಅಡುಗೆ ಯಾರು ಮಾಡಿದರು ಎಂಬುದನ್ನು ಕಾನೂನು ವರದಿಗಾರರು ಬರೆದಿಡಬೇಕಿತ್ತು. ನಾನು ಅಗ್ನಿಶಾಮಕ ಠಾಣೆ ಕಡೆಗೆ ನಡೆದು, ಹೋಟೆಲಿನ ಸೆಟ್‌ದೋಸೆ ತಿಂದೆ. ದುಡ್ಡು ಕೊಟ್ಟು ತಿಂದದ್ದರಿಂದ ಅಲ್ಲಿ ನಾನು ಶಾಸ್ತ್ರೋಕ್ತ ಗ್ರಾಹಕ.

ಮಾರನೇ ದಿನ ರಾಜಿ ಮಾಡಿಸಲು ಅಮ್ಮನನ್ನೇ ಕೇಳಿಕೊಂಡೆ. ಲೋಕ ಅದಾಲತ್ತಿನ ತೀರ್ಪಿಗೆ ಅಪೀಲಿಲ್ಲ ಎಂದು ಮೊದಲೇ ಇಬ್ಬರಿಗೂ ಓದಿ ಹೇಳಿದ್ದೆ. ಹೆತ್ತ ತಾಯಿ, ತೀರ್ಪು ಎಲ್ಲಿಗೆ ಹೋಗುತ್ತೆ ಎಂಬ ಧೈರ್ಯ.

“ಕೊಡ್ಸೋ ಅವಳಿಗೆ,” ಅಂದಳು ಅಮ್ಮ, ಹೂಬತ್ತಿ ಹೊಸೆಯುತ್ತಲೇ. “ನಂಗೂ ಒಂದು ತಾ. ನೀನು ಹುಟ್ಟಿದಾಗ ನಿಮ್ಮಪ್ಪ ಕೊಡಿಸ್ತೀನಿ ಅಂದಿದ್ರು. ಅಪ್ಪನ ಸಾಲ ಮಗ ತೀರಿಸ್ಬೇಕು.”

ಇಲ್ಲಿ ಮಾತ್ರ ನನಗೆ ಗೊತ್ತಿತ್ತು! ಅಪ್ಪನ ಸಾಲವನ್ನು ಮಗ ಧರ್ಮಕ್ಕೆ ಕಟ್ಟುಬಿದ್ದು ತೀರಿಸಬೇಕೆಂಬ ಹಳೇ ನಿಯಮವನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ತೆಗೆದುಹಾಕಿದೆ. ಆರನೇ ಸೆಕ್ಷನ್, ನಾಲ್ಕನೇ ಉಪಸೆಕ್ಷನ್. ಪುಟ ತೆಗೆದು ಅಮ್ಮನ ಮುಂದೆ ಹಿಡಿದೆ. ಅಮ್ಮನಿಗೆ ಕನ್ನಡಕ ಸಿಗಲಿಲ್ಲ. ಸೊಸೆ ಬಗ್ಗಿ, ನಾನು ಬೆರಳಿಟ್ಟಿದ್ದ ಸಾಲನ್ನು ದಾಟಿ ಅದರ ಕೆಳಗಿನದನ್ನು ಓದಿದಳು.

“ತಿದ್ದುಪಡಿಗೆ ಮುಂಚೆ ಮಾಡಿದ ಸಾಲಕ್ಕೆ ಇದು ಅನ್ವಯಿಸಲ್ಲ ಅಂತಿದೆ ಅತ್ತೆ. ಮಾವ ಹೇಳಿದ್ದು ಯಾವಾಗ?”

“ಇವನು ತೊಟ್ಟಿಲಲ್ಲಿದ್ದ.”

ಆಟೋದವನು ಮಾನಂದವಾಡಿ ರಸ್ತೆಯ ಸಿಲ್ಕ್ ಫ್ಯಾಕ್ಟರಿಗೆ ಮೀಟರಿನ ಮೇಲೆ ಇಪ್ಪತ್ತು ರೂಪಾಯಿ ಕೇಳಿದ. ಗ್ರಾಹಕ ಕಾನೂನು ಓದಿದವನು ಮುಂದೆ ಡ್ರೈವರ್ ಪಕ್ಕದಲ್ಲಿ ಅರ್ಧ ಕೂತಿದ್ದೆ. ಹಿಂದೆ ಕೂತ ಇಬ್ಬರೂ ಬಣ್ಣ ಮಾತಾಡಿಕೊಳ್ಳುತ್ತಿದ್ದರು.